ಪಿಎಲ್‌ಸಿ ಪ್ರೋಗ್ರಾಮಿಂಗ್ ಮತ್ತು ವಿದ್ಯುತ್ ನಕ್ಷಾ ತಂತ್ರಾಂಶಗಳ ಸಂಯೋಜನೆ

ಪಿಎಲ್‌ಸಿ ಪ್ರೋಗ್ರಾಮಿಂಗ್ ಮತ್ತು ವಿದ್ಯುತ್ ನಕ್ಷಾ ತಂತ್ರಾಂಶಗಳ ಸಂಯೋಜನೆ ಎಂದರೆ ಯಂತ್ರವೊಂದರ ವಿದ್ಯುತ್ ಮಂಡಲ ನಕ್ಷೆಯನ್ನು ರಚಿಸುವ ತಂತ್ರಾಂಶ ಹಾಗೂ ಅದೇ ಯಂತ್ರದ ನಿಯಂತ್ರಕಕ್ಕೆ ಪ್ರೋಗ್ರಾಂ ಬರೆಯುವ ತಂತ್ರಾಂಶಗಳ ನಡುವೆ ಮಾಹಿತಿಯನ್ನು ನೇರವಾಗಿ ವಿನಿಮಯ ಮಾಡಿಕೊಳ್ಳುವ ವಿಧಾನ. ಒಂದೇ ಪಟ್ಟಿಯನ್ನು ಎರಡು ಕಡೆ ಕೈಯಿಂದ ಬೆರಳಚ್ಚಿಸುವುದನ್ನು ತಪ್ಪಿಸುವುದು ಇದರ ಮೂಲ ಉದ್ದೇಶವಾಗಿದೆ.

ಹಿನ್ನೆಲೆ

ರಿಲೇಗಳ ಕಾಲದಲ್ಲಿ ಈ ಸಮಸ್ಯೆಯೇ ಇರಲಿಲ್ಲ. ನಿಯಂತ್ರಣದ ತರ್ಕವು ತಂತಿ ಜೋಡಣೆಯಲ್ಲಿಯೇ ಅಡಗಿದ್ದುದರಿಂದ ಮಂಡಲ ನಕ್ಷೆಯೇ ಪ್ರೋಗ್ರಾಂ ಆಗಿತ್ತು. 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಮೋಡಿಕಾನ್ 084 ಮುಂತಾದ ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್‌ಗಳು ಬಂದ ಮೇಲೆ ತರ್ಕವು ನಿಯಂತ್ರಕದ ಸ್ಮೃತಿಗೆ ಸ್ಥಳಾಂತರಗೊಂಡಿತು. ತಂತಿಗಳು ಮಾತ್ರ ಪ್ಯಾನೆಲ್‌ನಲ್ಲಿ ಉಳಿದವು. ಅಂದಿನಿಂದ ಒಂದು ಯಂತ್ರಕ್ಕೆ ಎರಡು ದಾಖಲೆಗಳು: ನಕ್ಷೆ ಒಬ್ಬರ ಕೈಯಲ್ಲಿ, ಪ್ರೋಗ್ರಾಂ ಮತ್ತೊಬ್ಬರ ಕೈಯಲ್ಲಿ. ಇವೆರಡೂ ಸಂಧಿಸುವ ಸ್ಥಳ ಇನ್‌ಪುಟ್ ಮತ್ತು ಔಟ್‌ಪುಟ್‌ಗಳ ಪಟ್ಟಿ.

ಸಮಾನ ಮಾಹಿತಿ

ಹದಿನಾರು ಇನ್‌ಪುಟ್‌ಗಳ ಒಂದು ಮಾಡ್ಯೂಲ್‌ನ ವಿಳಾಸಗಳು ಸೀಮೆನ್ಸ್ ಪದ್ಧತಿಯಲ್ಲಿ ಐ 0.0ಯಿಂದ ಐ 0.7, ಬಳಿಕ ಐ 1.0ಯಿಂದ ಐ 1.7ರವರೆಗೆ ಇರಬಹುದು. ಬಿಂದುವಿನ ಮೊದಲಿನ ಅಂಕಿ ಬೈಟನ್ನೂ ನಂತರದ ಅಂಕಿ ಬಿಟ್ಟನ್ನೂ ಸೂಚಿಸುತ್ತದೆ; ಬಿಟ್ಟಿನ ಅಂಕಿ 7ನ್ನು ದಾಟುವುದಿಲ್ಲ. ನಕ್ಷೆಯಲ್ಲಿ ಪ್ರತಿ ವಿಳಾಸದ ಎದುರು ಸಾಧನದ ಗುರುತು, ಟರ್ಮಿನಲ್ ಮತ್ತು ತಂತಿಯ ಸಂಖ್ಯೆ ಇರುತ್ತವೆ. ಪ್ರೋಗ್ರಾಂನಲ್ಲಿ ಅದೇ ವಿಳಾಸಕ್ಕೆ ಒಂದು ಹೆಸರು, ಅಂದರೆ ಟ್ಯಾಗ್, ಇರುತ್ತದೆ.

ನೀರಿನ ತೊಟ್ಟಿಯ ಮಟ್ಟಸೂಚಕವನ್ನು ಐ 0.5ರಿಂದ ಐ 1.2ಕ್ಕೆ ನಕ್ಷೆಕಾರನು ಬದಲಾಯಿಸಿದನೆಂದು ಭಾವಿಸೋಣ. ಹಳೆಯ ಪಟ್ಟಿಯನ್ನೇ ನಂಬಿದ ಪ್ರೋಗ್ರಾಂ ಯಾವ ದೋಷವನ್ನೂ ತೋರಿಸದೆ ಕಂಪೈಲ್ ಆಗುತ್ತದೆ, ಓಡುತ್ತದೆ. ಆದರೆ ಪಂಪು ಈಗ ಮತ್ತಾವುದೋ ಸಾಧನದ ಸಂಕೇತವನ್ನು ನೋಡಿ ನಡೆಯುತ್ತದೆ. ಇಂತಹ ವ್ಯತ್ಯಾಸ ಸಾಮಾನ್ಯವಾಗಿ ಬಯಲಾಗುವುದು ಕಾರ್ಖಾನೆಯಲ್ಲಿ ಯಂತ್ರವನ್ನು ಚಾಲನೆಗೊಳಿಸುವಾಗ. ಅಷ್ಟರಲ್ಲಿ ತಂತಿ ಜೋಡಣೆ ಮುಗಿದಿರುತ್ತದೆ.

ವಿನಿಮಯ ವಿಧಾನಗಳು

ಸರಳವಾದ ವಿಧಾನ ಸ್ಪ್ರೆಡ್‌ಶೀಟ್. ಆಟೋಕ್ಯಾಡ್ ಎಲೆಕ್ಟ್ರಿಕಲ್‌ನಂತಹ ತಂತ್ರಾಂಶಗಳು ಸ್ಪ್ರೆಡ್‌ಶೀಟ್ ಪಟ್ಟಿಯಿಂದಲೇ ಪಿಎಲ್‌ಸಿ ಮಾಡ್ಯೂಲ್‌ಗಳ ನಕ್ಷೆಯ ಹಾಳೆಗಳನ್ನು ರಚಿಸಬಲ್ಲವು. ಸಣ್ಣ ಯಂತ್ರಗಳಿಗೆ ಇದು ಸಾಕು.

ದೊಡ್ಡ ಯೋಜನೆಗಳಲ್ಲಿ ಆಟೊಮೇಷನ್‌ಎಂಎಲ್ ಎಂಬ ಎಕ್ಸ್‌ಎಂಎಲ್ ಆಧಾರಿತ ಸ್ವರೂಪವನ್ನು ಬಳಸುತ್ತಾರೆ. ಇದು ಐಇಸಿ 62714 ಎಂಬ ಅಂತರರಾಷ್ಟ್ರೀಯ ಮಾನಕವಾಗಿದೆ. ಎಪ್ಲಾನ್ ಮತ್ತು ಸೀಮೆನ್ಸ್ ಟಿಐಎ ಪೋರ್ಟಲ್ ಈ ಕಡತದ ಮೂಲಕ ರ‍್ಯಾಕ್, ಮಾಡ್ಯೂಲ್, ಜಾಲ ಸಂಪರ್ಕ, ವಿಳಾಸ ಮತ್ತು ಟ್ಯಾಗ್‌ಗಳನ್ನು ಎರಡೂ ದಿಕ್ಕಿನಲ್ಲಿ ಸಾಗಿಸುತ್ತವೆ. ಮಾಡ್ಯೂಲ್‌ಗಳನ್ನು ಗುರುತಿಸಲು ತಯಾರಕರ ಆರ್ಡರ್ ಸಂಖ್ಯೆಯೇ ಆಧಾರ. ಅದರಲ್ಲಿ ಒಂದಕ್ಷರ ತಪ್ಪಿದರೂ ಹೊಂದಾಣಿಕೆ ಕೈಕೊಡಬಹುದು. ಇಲ್ಲಿ ಸಾಗುವುದು ಯಂತ್ರಾಂಶದ ವಿನ್ಯಾಸವೇ ಹೊರತು ನಿಯಂತ್ರಣದ ತರ್ಕವಲ್ಲ. ತರ್ಕದ ವಿನಿಮಯಕ್ಕೆ ಪಿಎಲ್‌ಸಿಓಪನ್ ಎಕ್ಸ್‌ಎಂಎಲ್ ಎಂಬ ಬೇರೆ ಸ್ವರೂಪವಿದ್ದು, ಅದು 2019ರಲ್ಲಿ ಐಇಸಿ 61131-10 ಎಂಬ ಮಾನಕವಾಯಿತು.

ಮಿತಿಗಳು

ವಿಳಾಸ ಮತ್ತು ಹೆಸರು ಸರಿಯಾಗಿ ಬಂದ ಮಾತ್ರಕ್ಕೆ ಅರ್ಥವೂ ಸರಿಯಾಗಿ ಬಂದಿತೆನ್ನಲಾಗದು. ಯಂತ್ರವನ್ನು ನಿಲ್ಲಿಸುವ ಗುಂಡಿಗೆ ಸಾಮಾನ್ಯವಾಗಿ ಮುಚ್ಚಿದ ಸಂಪರ್ಕವನ್ನು ಬಳಸುತ್ತಾರೆ, ಏಕೆಂದರೆ ತಂತಿ ತುಂಡಾದರೂ ಯಂತ್ರ ನಿಲ್ಲಬೇಕು. ಹೀಗಾಗಿ ಗುಂಡಿಯನ್ನು ಒತ್ತದಿರುವಾಗ ಇನ್‌ಪುಟ್ 1 ಆಗಿರುತ್ತದೆ, ಒತ್ತಿದಾಗ 0 ಆಗುತ್ತದೆ. ‘ನಿಲುಗಡೆ’ ಎಂಬ ಟ್ಯಾಗ್ ಹೆಸರು ಇದನ್ನು ಹೇಳುವುದಿಲ್ಲ. ‘ನಿಲುಗಡೆ ಒತ್ತಿಲ್ಲ’ ಎಂಬ ಹೆಸರು ಹೇಳುತ್ತದೆ. ತೊಟ್ಟಿ ತುಂಬಿದಾಗ ತೆರೆದುಕೊಳ್ಳುವ ಮಟ್ಟಸೂಚಕವನ್ನು ಪ್ರೋಗ್ರಾಂಕಾರನು ತಿರುವುಮುರುವಾಗಿ ಓದಿದರೆ ತೊಟ್ಟಿ ತುಂಬಿದ ಮೇಲೂ ಪಂಪು ಓಡುತ್ತಿರುತ್ತದೆ.

ಒಡೆತನದ ಪ್ರಶ್ನೆಯೂ ಇದೆ. ಇಬ್ಬರೂ ಏಕಕಾಲದಲ್ಲಿ ವಿಳಾಸಗಳನ್ನು ಬದಲಿಸಿದರೆ ನಂತರ ಆಮದಾದ ಕಡತವು ಮೊದಲಿನದನ್ನು ಅಳಿಸಿಹಾಕಬಹುದು. ಆದ್ದರಿಂದ ವಿಳಾಸಗಳನ್ನು ನಿರ್ಧರಿಸುವವರು ಯಾರೆಂಬುದನ್ನು ಯೋಜನೆಯ ಆರಂಭದಲ್ಲೇ ಗೊತ್ತುಪಡಿಸುವುದು ತಂತ್ರಾಂಶದ ಆಯ್ಕೆಗಿಂತ ಮುಖ್ಯ. ಸಂಯೋಜನೆ ಎಷ್ಟೇ ಸಮರ್ಪಕವಾಗಿದ್ದರೂ ಪ್ರತಿಯೊಂದು ಸಾಧನವನ್ನು ಸ್ಥಳದಲ್ಲಿ ಕಾರ್ಯಗತಗೊಳಿಸಿ, ಅದಕ್ಕೆ ಸಂಬಂಧಿಸಿದ ಬಿಟ್ ಬದಲಾಗುವುದನ್ನು ಪರದೆಯ ಮೇಲೆ ನೋಡುವ ಪರೀಕ್ಷೆಯನ್ನು ಕೈಬಿಡುವಂತಿಲ್ಲ. ಟರ್ಮಿನಲ್‌ಗೆ ಕಟ್ಟಿದ ತಂತಿ ನಕ್ಷೆಯಂತೆಯೇ ಇದೆಯೇ ಎಂಬುದು ಈ ಎರಡೂ ತಂತ್ರಾಂಶಗಳಿಗೆ ಕಾಣದು.