ಪಿಸ್ತೂಲಿನ ಒರೆಯನ್ನು ಆರಿಸುವ ಬಗೆ

2008ನೆಯ ಇಸವಿಯ ನವೆಂಬರ್ ತಿಂಗಳ ಒಂದು ರಾತ್ರಿ ನ್ಯೂಯಾರ್ಕ್ ನಗರದ ನೈಟ್‌ಕ್ಲಬ್ ಒಂದರಲ್ಲಿ ಪಿಸ್ತೂಲು ಹಾರಿತು. ಗುಂಡು ತಗುಲಿದ್ದು ಅಮೆರಿಕದ ಹೆಸರಾಂತ ಫುಟ್‌ಬಾಲ್ ಆಟಗಾರ ಪ್ಲ್ಯಾಕ್ಸಿಕೊ ಬರೆಸ್ ಎಂಬಾತನ ತೊಡೆಗೆ. ಹಾರಿದ್ದು ಆತನದೇ ಪಿಸ್ತೂಲು. ಅದನ್ನು ಆತನು ಷರಾಯಿಯ ನಡುವಿಗೆ ಬರಿದೆ ಸಿಕ್ಕಿಸಿಕೊಂಡಿದ್ದನು. ಅದು ಜಾರಿತು, ಗುಂಡು ಹಾರಿತು. ಪ್ರಾಣವೇನೋ ಉಳಿಯಿತು, ಆದರೆ ಆ ನಗರದಲ್ಲಿ ಪರವಾನಗಿಯಿಲ್ಲದೆ ಆಯುಧ ಹೊಂದಿದ್ದುದಕ್ಕಾಗಿ ಆತನಿಗೆ ಎರಡು ವರ್ಷಗಳ ಸೆರೆಮನೆವಾಸ ವಿಧಿಸಲ್ಪಟ್ಟಿತು. ಕಾನೂನಿನ ಮಾತು ಹಾಗಿರಲಿ. ತೊಡೆಗೆ ಗುಂಡು ತಗುಲದಂತೆ ಮಾಡಲು ಒಂದು ಸಾಧಾರಣವಾದ ಒರೆ ಸಾಕಾಗಿದ್ದಿತು.

ಕತ್ತಿಗೆ ಒರೆಯಿರುವಂತೆ ಪಿಸ್ತೂಲು, ರಿವಾಲ್ವರುಗಳಿಗೂ ಒರೆಯುಂಟು. ಅದನ್ನೇ ಹೋಲ್‌ಸ್ಟರ್ ಎನ್ನುವರು. ನಮ್ಮ ದೇಶದ 2016ರ ಆಯುಧ ನಿಯಮಗಳ ಪ್ರಕಾರ, ಪರವಾನಗಿ ಪಡೆದವನು ಸಾರ್ವಜನಿಕ ಸ್ಥಳದಲ್ಲಿ ಇಂಥ ಆಯುಧವನ್ನು ಮೈಗೆ ಬಿಗಿದ ಒರೆಯಲ್ಲಾಗಲಿ, ಅದಕ್ಕೆ ತಕ್ಕ ಚೀಲದಲ್ಲಾಗಲಿ ಒಯ್ಯಬೇಕು. ಅದು ಪೂರ್ತಿಯಾಗಿ ಮುಚ್ಚಿರಬೇಕು. ಇನ್ನು ಬೆಲೆಯ ವಿಷಯ. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಹೊರತಂದ ‘ನಿರ್ಭೀಕ್’ ರಿವಾಲ್ವರಿಗೆ ಆಗಲೇ ಸುಮಾರು 1 ಲಕ್ಷ 22 ಸಾವಿರ ರೂಪಾಯಿ. ಅಷ್ಟನ್ನು ತೆತ್ತ ಗೃಹಸ್ಥನು ಒರೆಯಲ್ಲಾದರೂ ಹಣ ಉಳಿಸೋಣವೆಂದು ಬಯಸುವುದು ಸಹಜವೇ. ಅದು ತಪ್ಪೆಂದು ನಾವು ಹೇಳುವುದಿಲ್ಲ. ಚಿತ್ತಾರಕ್ಕೂ ಹಿತ್ತಾಳೆಯ ಗುಬಟುಗಳಿಗೂ ಕೊಡುವ ಹಣವನ್ನು ಧಾರಾಳವಾಗಿ ಉಳಿಸಬಹುದು. ಆಕಾರದ ಹೊಂದಿಕೆಗೆ ಕೊಡುವ ಹಣವನ್ನು ಮಾತ್ರ ಉಳಿಸಲಾಗದು. ಏಕೆಂಬುದನ್ನು ಭೌತಶಾಸ್ತ್ರದ ಕೆಲವು ಸರಳ ತತ್ತ್ವಗಳಿಂದಲೇ ತಿಳಿಯಬಹುದು.

ಮೊದಲು ಘರ್ಷಣೆಯನ್ನು ನೋಡೋಣ. ಒರೆಯು ಪಿಸ್ತೂಲನ್ನು ಹೆಚ್ಚು ಅಗಲಕ್ಕೆ ಆವರಿಸಿದಷ್ಟೂ ಹೆಚ್ಚು ಬಿಗಿಯಾಗಿ ಹಿಡಿಯುವುದೆಂದು ಅನೇಕರು ಭಾವಿಸುವರು. ಆದರೆ ಮರದ ಇಟ್ಟಿಗೆಯೊಂದನ್ನು ಮೇಜಿನ ಮೇಲೆ ಅಗಲವಾದ ಮಗ್ಗುಲಿನಲ್ಲಿರಿಸಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಿರಿ. ಬಳಿಕ ಕಿರಿದಾದ ಮಗ್ಗುಲಿನಲ್ಲಿರಿಸಿ ಎಳೆಯಿರಿ. ತಕ್ಕಡಿ ತೋರಿಸುವ ಬಲ ಹೆಚ್ಚು ಕಡಿಮೆ ಒಂದೇ. ಘರ್ಷಣೆಯು ತಾಗುವ ವಿಸ್ತೀರ್ಣವನ್ನು ಅವಲಂಬಿಸದೆ ಒತ್ತುವ ಬಲವನ್ನು ಅವಲಂಬಿಸುವುದೆಂಬ ಈ ನಿಯಮವನ್ನು ಫ್ರಾನ್ಸ್ ದೇಶದ ಅಮಾಂಟನ್ಸನು 1699ರಲ್ಲಿ ಪ್ರಕಟಿಸಿದನು. ಆದುದರಿಂದ ಸಡಿಲವಾದ ದೊಡ್ಡ ಚೀಲವೊಂದು ಪಿಸ್ತೂಲನ್ನು ಎಷ್ಟು ಮುಚ್ಚಿದರೂ ಹಿಡಿಯಲಾರದು.

ಲೆಕ್ಕ ಮಾಡಿ ನೋಡೋಣ. ರಿವಾಲ್ವರಿನ ದ್ರವ್ಯರಾಶಿ 700 ಗ್ರಾಂ ಎಂದಿಟ್ಟುಕೊಂಡರೆ ಅದರ ತೂಕ ಸುಮಾರು 7 ನ್ಯೂಟನ್. ಒರೆಯನ್ನು ತಲೆಕೆಳಗಾಗಿ ಹಿಡಿದಾಗ ಅದು ಬೀಳದಿರಲು ಇಷ್ಟು ಘರ್ಷಣೆ ಬೇಕು. ಆ ಸ್ಥಿತಿಯಲ್ಲಿ ಒರೆಯನ್ನು ಗುರುತ್ವವೇಗೋತ್ಕರ್ಷದ ಇಮ್ಮಡಿಯಷ್ಟು ಮೇಲ್ಮುಖವಾಗಿ ಜಗ್ಗಿದರೆ ಬೇಕಾದದ್ದು ಮೂರು ಪಟ್ಟು, ಅಂದರೆ 21 ನ್ಯೂಟನ್. ಎಡವಿ ಮುಗ್ಗರಿಸಿದಾಗ, ಬಸ್ಸಿನಿಂದ ಧುಮುಕಿದಾಗ ಇಂಥ ಜಗ್ಗಾಟ ಅಸಾಧ್ಯವೇನಲ್ಲ. ಚರ್ಮಕ್ಕೂ ಉಕ್ಕಿಗೂ ನಡುವಣ ಘರ್ಷಣಾಂಕ ಅರ್ಧವೆಂದು ಹಿಡಿದರೆ, ಎರಡು ಕಡೆಗಳಿಂದಲೂ ತಲಾ 21 ನ್ಯೂಟನ್, ಎಂದರೆ ಸುಮಾರು 2 ಕಿಲೋಗ್ರಾಂ ತೂಕದಷ್ಟು ಬಲ ಅದನ್ನು ಒತ್ತುತ್ತಿರಬೇಕು. ಹೀಗಿದ್ದರೂ ಹೊರಕ್ಕೆಳೆಯಲು ಬೇಕಾಗುವುದು ಮೂರು ಕಿಲೋಗ್ರಾಂ ತೂಕಕ್ಕಿಂತ ಕಡಿಮೆ. ಅದು ಕೈಗೆ ಭಾರವಲ್ಲ. ‘ಎಲ್ಲ ಪಿಸ್ತೂಲುಗಳಿಗೂ ಒಗ್ಗುತ್ತದೆ’ ಎಂದು ಮಾರುವ ನೈಲಾನ್ ಬಟ್ಟೆಯ ಒರೆಗಳು ಸೋಲುವುದು ಇಲ್ಲಿಯೇ. ಎಲ್ಲರ ಕಾಲಿಗೂ ಒಗ್ಗುವ ಜೋಡು ಯಾರ ಕಾಲಿಗೂ ಸರಿಯಾಗದು.

ಇದಕ್ಕಿಂತಲೂ ಗಂಭೀರವಾದ ವಿಷಯ ಟ್ರಿಗರಿನದು. ಅನೇಕ ಪಿಸ್ತೂಲುಗಳಲ್ಲಿ ಟ್ರಿಗರನ್ನು ಎಳೆಯಲು 25 ನ್ಯೂಟನ್, ಎಂದರೆ ಎರಡೂವರೆ ಕಿಲೋಗ್ರಾಂ ತೂಕದಷ್ಟು ಬಲ ಸಾಕು. ರಿವಾಲ್ವರಿನಲ್ಲಿ ಸುಮಾರು ಅದರ ಇಮ್ಮಡಿ. ಈಗ ವರ್ಷಗಟ್ಟಲೆ ಬಳಸಿ ಮೆತ್ತಗಾದ ಚರ್ಮದ ಒರೆಯನ್ನು ಊಹಿಸಿಕೊಳ್ಳಿ. ಅದರ ಬಾಯಂಚು ಒಳಕ್ಕೆ ಮಡಿಚಿಕೊಂಡಿದೆ. ಪಿಸ್ತೂಲನ್ನು ಒಳಕ್ಕಿಳಿಸುವಾಗ ಆ ಮಡಿಕೆ, ಟ್ರಿಗರನ್ನು ಸುತ್ತುವರಿದ ಲೋಹದ ಬಳೆಯೊಳಗೆ ನುಗ್ಗಿ ನಿಲ್ಲುತ್ತದೆ. ಕೈ ಕೆಳಕ್ಕೆ ಒತ್ತುತ್ತದೆ. ಚರ್ಮವೇ ಬೆರಳಿನ ಕೆಲಸ ಮಾಡುತ್ತದೆ. ನಳಿಗೆಯ ಬಾಯಿ ಆಗ ತೊಡೆಯ ಕಡೆಗಿರುತ್ತದೆ, ತೊಡೆಯಲ್ಲಿ ದೊಡ್ಡ ಅಪಧಮನಿಯಿದೆ. ಅಂಗಿಯ ತುದಿಯೂ ಜಾಕೆಟ್ಟಿನ ದಾರವೂ ಇದೇ ಅನಾಹುತವನ್ನು ಮಾಡಬಲ್ಲವು. ಪಿಸ್ತೂಲನ್ನು ಹೊರತೆಗೆಯುವಾಗ ಇರುವ ಎಚ್ಚರ ಒಳಗಿಡುವಾಗ ಇರದಿರುವುದು ಮನುಷ್ಯಸ್ವಭಾವ. ಕಣ್ಣಿಟ್ಟು, ಬೆರಳನ್ನು ದೂರವಿರಿಸಿ, ನಿಧಾನವಾಗಿ ಇಳಿಸಬೇಕು. ಒರೆಯಾದರೋ ಟ್ರಿಗರಿನ ಬಳೆಯನ್ನು ಎರಡು ಕಡೆಯೂ ಗಟ್ಟಿಯಾಗಿ ಮುಚ್ಚಬೇಕು. ಖಾಲಿಯಿದ್ದಾಗಲೂ ಅದರ ಬಾಯಿ ತೆರೆದೇ ನಿಲ್ಲಬೇಕು. ಬಾಯಿ ಮುಚ್ಚಿಕೊಂಡರೆ ಇನ್ನೊಂದು ಕೈಯಿಂದ ಬಿಡಿಸಲು ಹೋಗಿ ಆ ಕೈಯನ್ನೇ ನಳಿಗೆಯ ಮುಂದೆ ಹಿಡಿದಂತಾಗುತ್ತದೆ.

ಹಾಗಾದರೆ ಯಾವ ವಸ್ತು ಒಳ್ಳೆಯದು? ಚರ್ಮವು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಹೆಣಿಗೆ. ಮರದ ತೊಗಟೆಯ ಟ್ಯಾನಿನ್ನಿನಿಂದ ಹದಮಾಡಿದ ದಪ್ಪ ಚರ್ಮವನ್ನು ನೀರಿನಲ್ಲಿ ನೆನೆಸಿ ಪಿಸ್ತೂಲಿನಾಕಾರದ ಅಚ್ಚಿಗೆ ಒತ್ತಿ ಒಣಗಿಸಿದರೆ ಆ ಆಕಾರ ಉಳಿಯುತ್ತದೆ. ನಮ್ಮ ನಾಡಿನಲ್ಲಿ ತಂಗಡಿ ಗಿಡದ ತೊಗಟೆಯನ್ನೂ ಅಳಲೆಕಾಯನ್ನೂ ಈ ಹದಕ್ಕೆ ಹಿಂದಿನಿಂದ ಬಳಸುತ್ತ ಬಂದಿದ್ದಾರೆ. ಕ್ರೋಮಿಯಂ ಲವಣಗಳಿಂದ ಹದಮಾಡಿದ ಚರ್ಮ ಮೃದು. ಕೈಚೀಲಕ್ಕೆ ಚೆನ್ನ, ಒರೆಗೆ ಸಲ್ಲದು. ಚರ್ಮದ ಕೆಲಸ ಬಲ್ಲ ಕುಶಲಿಯಿಂದ ಮಾಡಿಸುವುದಾದರೆ ಪಿಸ್ತೂಲನ್ನು ಅವನ ಬಳಿ ಬಿಟ್ಟು ಬರುವಂತಿಲ್ಲ. ಅದರ ಮರದ ಮಾದರಿಯನ್ನು ಕೊಡುವುದೇ ಸರಿ.

ಇನ್ನೊಂದು ವಸ್ತು ಕೈಡೆಕ್ಸ್. ಇದು 1965ರಲ್ಲಿ ವಿಮಾನಗಳ ಒಳಭಾಗಕ್ಕೆಂದು ತಯಾರಾದ ಪ್ಲಾಸ್ಟಿಕ್. ಕಾಯಿಸಿದಾಗ ಮೆತ್ತಗಾಗಿ, ಅಚ್ಚಿಗೊತ್ತಿ ತಣಿಸಿದಾಗ ಗಡುಸಾಗುತ್ತದೆ. ಇದರ ಹಿಡಿತ ಕೇವಲ ಘರ್ಷಣೆಯದಲ್ಲ. ಟ್ರಿಗರಿನ ಬಳೆಯಿರುವೆಡೆ ಒರೆಯ ಗೋಡೆ ಒಳಕ್ಕೆ ತಗ್ಗಿರುತ್ತದೆ. ಪಿಸ್ತೂಲು ಇಳಿದಾಗ ಗೋಡೆ ತುಸು ಅಗಲಿ, ‘ಟಕ್’ ಎಂದು ಮತ್ತೆ ಕೂಡಿಕೊಳ್ಳುತ್ತದೆ. ಬಿಗಿ ಮುಚ್ಚಳದ ಡಬ್ಬಿಯೂ ಹೀಗೆಯೇ. ಅಲಂಕಾರವಿಲ್ಲದ ಇಂಥ ಒರೆ, ನಿಮ್ಮ ಮಾದರಿಯ ಆಯುಧಕ್ಕೆಂದೇ ಒತ್ತಿದುದಾದರೆ, ಅಗ್ಗದವುಗಳಲ್ಲಿ ಮೇಲೆಂದು ನಮ್ಮ ಅಭಿಪ್ರಾಯ. ಬಿಸಿಲಿನಲ್ಲಿ ನಿಂತ ಕಾರಿನ ಗಾಜಿನ ಕೆಳಗೆ ಮಾತ್ರ ಇದನ್ನು ಬಿಡಬಾರದು, ಆಕಾರ ಕೆಡಬಹುದು.

ಬೆಲ್ಟನ್ನು ಮರೆಯುವವರೇ ಹೆಚ್ಚು. ಆಯುಧದ ಗುರುತ್ವಕೇಂದ್ರವು ಬೆಲ್ಟಿನಿಂದ 3 ಸೆಂಟಿಮೀಟರ್ ಹೊರಗಿದ್ದರೆ ಅದರ ತೂಕ ಒರೆಯನ್ನು ಹೊರಕ್ಕೆ ಮಗುಚಲು ಯತ್ನಿಸುತ್ತದೆ. 4 ಸೆಂಟಿಮೀಟರ್ ಅಗಲದ ಬೆಲ್ಟಿನ ಅಂಚುಗಳು ಸುಮಾರು 5 ನ್ಯೂಟನ್ ಬಲದಿಂದ ಇದನ್ನು ತಡೆದರೆ, 2 ಸೆಂಟಿಮೀಟರಿನದಕ್ಕೆ 10 ನ್ಯೂಟನ್ ಬೇಕು, ಅದು ತಿರುಚಿಕೊಳ್ಳುತ್ತದೆ. ಒಂದೇ ಕ್ಲಿಪ್ಪಿನಿಂದ ಸಿಕ್ಕಿಸುವ ಒರೆ ಪಿಸ್ತೂಲಿನೊಡನೆ ತಾನೂ ಎದ್ದುಬರುವುದುಂಟು. ದೂರದೂರದಲ್ಲಿ ಎರಡು ಸೀಳುಗಳಿರುವುದನ್ನು ಕೊಳ್ಳಿರಿ.

ಕೊಂಡ ಮೇಲೆ ಪರೀಕ್ಷೆ. ಗುಂಡುಗಳನ್ನೆಲ್ಲ ಹೊರತೆಗೆದು, ಖಾಲಿಯಾಗಿದೆಯೆಂದು ಎರಡು ಸಲ ನೋಡಿ, ಪಿಸ್ತೂಲನ್ನು ಒರೆಯಲ್ಲಿಡಿ. ಹಾಸಿಗೆಯ ಮೇಲೆ ತಲೆಕೆಳಗು ಮಾಡಿ ಜಾಡಿಸಿ, ಬೀಳಬಾರದು. ಟ್ರಿಗರಿರುವೆಡೆ ಹೊರಗಿನಿಂದ ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ಒಳಗೆ ಏನೂ ಅಲುಗಬಾರದು. ಚರ್ಮದ ಒರೆಯಾದರೆ ಈ ಪರೀಕ್ಷೆಯನ್ನು ಪ್ರತಿ ಮಳೆಗಾಲ ಕಳೆದ ಮೇಲೆ ಮತ್ತೆ ಮಾಡಬೇಕು. ಬೆವರನ್ನೂ ತೇವವನ್ನೂ ಚರ್ಮ ಹೀರಿಕೊಳ್ಳುವುದರಿಂದ, ರಾತ್ರಿ ಆಯುಧವನ್ನು ಅದರಿಂದ ತೆಗೆದು ಒರಸಿ, ಬೀಗವಿರುವ ಪೆಟ್ಟಿಗೆಯಲ್ಲಿ ಬೇರೆಯಾಗಿಯೇ ಇಡಬೇಕು. ಇಲ್ಲವಾದರೆ ಕರಾವಳಿಯ ಹವೆಯಲ್ಲಿ ತುಕ್ಕು ಹಿಡಿಯಲು ಹೆಚ್ಚು ದಿನ ಬೇಕಾಗದು.