ಹದಿಹರೆಯದಲ್ಲಿ ಮಾತಿನ ಬೆಳವಣಿಗೆ

ಮಗು ‘ಅಪ್ಪ’, ‘ಅವ್ವ’ ಎಂದು ಮೊದಲ ಬಾರಿಗೆ ತೊದಲಿದ ದಿನ ತಂದೆತಾಯಿಗಳು ಹಿಗ್ಗುತ್ತಾರೆ. ಐದಾರು ವರ್ಷಕ್ಕೆ ಅದು ಸರಾಗವಾಗಿ ಮಾತನಾಡತೊಡಗಿದಾಗ, ಮಾತು ಕಲಿಯುವ ಕಾಲ ಮುಗಿಯಿತೆಂದು ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲ. ಮೈ ಬೆಳೆಯುವಂತೆಯೇ ಮಾತೂ 10ರಿಂದ 19 ವರ್ಷದವರೆಗಿನ ಹದಿಹರೆಯದ ಉದ್ದಕ್ಕೂ ಬೆಳೆಯುತ್ತದೆ. ಇದನ್ನು ಪ್ರತಿಯೊಬ್ಬ ದಂಪತಿಗಳೂ ಅರಿತಿರಬೇಕು. ಏಕೆಂದರೆ ಮೈಯ ತೊಂದರೆಯನ್ನಾಗಲಿ, ಮನಸ್ಸಿನ ಅಳಲನ್ನಾಗಲಿ ಬಾಯಿಬಿಟ್ಟು ಹೇಳಬಲ್ಲ ಮಗುವಿಗೆ ಸಕಾಲದಲ್ಲಿ ನೆರವು ನೀಡುವುದು ಸುಲಭ.

ಏನು ಬೆಳೆಯುತ್ತದೆ?

ಮೊದಲನೆಯದಾಗಿ, ಪದಸಂಪತ್ತು ಬೆಳೆಯುತ್ತದೆ. ಪಾಠಪುಸ್ತಕ, ಸಂತೆ, ಸಹಕಾರ ಸಂಘ, ಪಂಚಾಯಿತಿ ಇವೆಲ್ಲ ಹೊಸ ಪದಗಳನ್ನು ಕಲಿಸುತ್ತವೆ. ಎರಡನೆಯದಾಗಿ, ವಾಕ್ಯಗಳು ಉದ್ದವಾಗುತ್ತವೆ. ‘ಒಂದು ವೇಳೆ ಹೀಗಾದರೆ’, ‘ಆದ್ದರಿಂದ’, ‘ಆದರೂ’ ಎಂದು ಕಾರಣ ಕೊಟ್ಟು ವಾದಿಸುವ ಶಕ್ತಿ ಬರುತ್ತದೆ.

ಮೂರನೆಯದಾಗಿ, ಮಾತಿನ ಒಳಅರ್ಥ ತಿಳಿಯತೊಡಗುತ್ತದೆ. ‘ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು’ ಎಂಬ ಗಾದೆಯನ್ನು ಕೇಳಿದ ಏಳು ವರ್ಷದ ಮಗು, ‘ಯಾರ ಮನೆಯಲ್ಲಿ ಕೂಸು?’ ಎಂದು ಕೇಳಬಹುದು. ಹದಿನಾಲ್ಕರ ಮಗನಾದರೋ, ಪೈರು ಕೊಯ್ಲಿಗೆ ಬರುವ ಮೊದಲೇ ಹಣದ ಲೆಕ್ಕ ಹಾಕುವ ತಂದೆಗೆ ಅದೇ ಗಾದೆಯನ್ನು ಹೇಳಿ ನಗಬಲ್ಲನು. ಅದು ಉದ್ಧಟತನವಲ್ಲ, ಬುದ್ಧಿ ಬೆಳೆದುದರ ಗುರುತು.

ಗಂಟಲು ಒಡೆಯುವುದು

ಈ ವಯಸ್ಸಿನಲ್ಲಿ ಧ್ವನಿಪೆಟ್ಟಿಗೆಯೂ ಬೆಳೆಯುತ್ತದೆ. ಗಂಡುಮಕ್ಕಳಲ್ಲಿ ಧ್ವನಿತಂತುಗಳು ಹೆಚ್ಚು ಉದ್ದವಾಗಿ, ದಪ್ಪವಾಗುವುದರಿಂದ ಸ್ವರವು ಕೆಲವು ತಿಂಗಳು ಒಮ್ಮೆ ಕೀರಲಾಗಿಯೂ ಒಮ್ಮೆ ಗಡುಸಾಗಿಯೂ ಹೊರಡುತ್ತದೆ. ಹೆಣ್ಣುಮಕ್ಕಳ ಸ್ವರದಲ್ಲಿಯೂ ಅಲ್ಪ ಬದಲಾವಣೆಯುಂಟು. ಇದು ರೋಗವಲ್ಲ. ನಾಲ್ವರ ಮುಂದೆ ಅಣಕಿಸಿದರೆ ಹುಡುಗನು ಮಾತನಾಡುವುದನ್ನೇ ಕಡಿಮೆ ಮಾಡಬಹುದು.

ಎದುರುಮಾತು ಮತ್ತು ಮೌನ

ಆವೇಗವನ್ನು ಹತೋಟಿಯಲ್ಲಿಡಲು ನೆರವಾಗುವ ಮಿದುಳಿನ ಮುಂಭಾಗವು ಪೂರ್ಣವಾಗಿ ಪಕ್ವವಾಗುವುದು ಸುಮಾರು 25ನೆಯ ವಯಸ್ಸಿನ ಹೊತ್ತಿಗೆ. ಆದ್ದರಿಂದಲೇ ಹದಿಹರೆಯದವರ ಬಾಯಿಂದ ಕೋಪದಲ್ಲಿ ದುಡುಕಿನ ಮಾತು ಬರುವುದುಂಟು. ಮನೆಯಲ್ಲಿ ಮಾತು ಕಡಿಮೆಯಾಗಿ, ಗೆಳೆಯ ಗೆಳತಿಯರೊಡನೆ ಪಿಸುಮಾತು ಹೆಚ್ಚುವುದೂ ಸಹಜವೇ. ಬೈಗುಳಕ್ಕೆ ಬೈಗುಳವೇ ಉತ್ತರವಾದರೆ ಮಗುವು ಕಲಿಯುವುದು ಬೈಗುಳವನ್ನೇ. ಕೋಪ ತಣಿದ ಬಳಿಕ ಕುಳಿತು ಮಾತನಾಡಿದರೆ ಸಮಾಧಾನವನ್ನು ಕಲಿಯುತ್ತದೆ.

ಹೇಳಿಕೊಳ್ಳಲು ಮಾತು ಬೇಕು

ಮೊದಲ ಸಲ ಮುಟ್ಟಾದಾಗ ಏನಾಯಿತೆಂದು ತಿಳಿಯದೆ ಹೆದರಿ ಅಡಗಿಸಿಡುವ ಹುಡುಗಿಯರಿದ್ದಾರೆ. ಯಾರಾದರೂ ಕೆಟ್ಟ ರೀತಿಯಲ್ಲಿ ಮೈಮುಟ್ಟಿದರೂ ಹೇಳಲು ಪದ ದೊರೆಯದೆ ನುಂಗಿಕೊಳ್ಳುವ ಮಕ್ಕಳಿದ್ದಾರೆ. ಮೈಯ ವಿಷಯವನ್ನು ನಾಚಿಕೆಯಿಲ್ಲದೆ, ಗೌರವದಿಂದ ಹೇಳುವ ಮಾತನ್ನು ತಾಯಿ ಮಗಳಿಗೂ ತಂದೆ ಮಗನಿಗೂ ಮೊದಲೇ ಕಲಿಸಬೇಕು. ಅಂತಹ ಆಪತ್ತಿನಲ್ಲಿರುವ ಮಗು 1098 ಸಂಖ್ಯೆಯ ಮಕ್ಕಳ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದೆಂಬುದನ್ನೂ ತಿಳಿಸಿರಿ.

ಮಗಳನ್ನು ನಡುವೆಯೇ ಶಾಲೆ ಬಿಡಿಸಿದರೆ, ಓದು ನಿಲ್ಲುವುದರೊಡನೆ ಹೊಸ ಪದ, ಹೊಸ ವಿಚಾರ, ಓರಗೆಯವರ ಸಂಭಾಷಣೆಗಳೂ ಅವಳಿಗೆ ತಪ್ಪಿಹೋಗುತ್ತವೆ. ಹೆಣ್ಣಿಗೆ 18, ಗಂಡಿಗೆ 21 ವರ್ಷ ತುಂಬುವ ಮೊದಲು ಮದುವೆ ಕಾನೂನಿಗೆ ವಿರುದ್ಧವೆಂಬುದು ನಿಮಗೆ ತಿಳಿದೇ ಇದೆ. ‘ನಾನು ಇನ್ನೂ ಓದಬೇಕು’ ಎಂದು ಮಗಳು ಧೈರ್ಯವಾಗಿ ಹೇಳಿದರೆ ಅದನ್ನು ಎದುರುಮಾತೆಂದು ತಳ್ಳಿಹಾಕದಿರಿ. ನಾಳೆ ತಾನು ತಾಯಿಯಾದಾಗ ತನ್ನ ಆರೋಗ್ಯದ ಬಗ್ಗೆ ವೈದ್ಯರೊಡನೆ ಮಾತನಾಡಬೇಕಾದವಳೂ ಅವಳೇ.

ತಂದೆತಾಯಿಗಳು ಮಾಡಬೇಕಾದುದು

1. ದಿನಕ್ಕೆ ಒಂದು ಹೊತ್ತಾದರೂ ಎಲ್ಲರೂ ಕೂಡಿ ಉಣ್ಣಿರಿ. ಆಗ ದೂರದರ್ಶನ ಮತ್ತು ಮೊಬೈಲುಗಳನ್ನು ಬದಿಗಿಡಿರಿ.
2. ‘ಊಟ ಆಯಿತೆ?’ ಎಂಬಷ್ಟಕ್ಕೇ ನಿಲ್ಲದೆ, ‘ನಿನಗೆ ಏನನ್ನಿಸುತ್ತದೆ?’ ಎಂದು ಕೇಳಿರಿ. ಉತ್ತರ ಮುಗಿಯುವವರೆಗೆ ಕಾಯಿರಿ.
3. ಮನೆಯಲ್ಲಿ ತುಳು, ಉರ್ದು, ಲಂಬಾಣಿ, ತೆಲುಗು ಯಾವುದೇ ನುಡಿಯಿರಲಿ, ಮಗುವಿನ ಮನೆಮಾತನ್ನು ಹೀಯಾಳಿಸಬಾರದು. ಅದು ಶಾಲೆಯ ಕಲಿಕೆಗೆ ಅಡ್ಡಿಯಲ್ಲ, ಆಧಾರ.
4. ಪತಿಪತ್ನಿಯರು ಪರಸ್ಪರ ಮರ್ಯಾದೆಯಿಂದ ಮಾತನಾಡಿರಿ. ಮಕ್ಕಳಿಗೆ ನಿಮ್ಮ ಸಂಭಾಷಣೆಯೇ ದಿನನಿತ್ಯದ ಪಾಠ.

ವೈದ್ಯರ ಸಲಹೆ ಯಾವಾಗ ಬೇಕು?

ಉಗ್ಗು, ಕಿವಿ ಸೋರುವಿಕೆ, ಕರೆದರೆ ಕೇಳಿಸದಿರುವುದು, ಹೇಳಿದ ಮಾತು ಅರ್ಥವಾಗದಿರುವುದು ಇವು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿರಿ. ನಾಲಿಗೆಗೆ ಬಜೆ ತೇಯ್ದು ಹಚ್ಚುವುದರಿಂದಾಗಲಿ, ಗದರಿಸುವುದರಿಂದಾಗಲಿ ಉಗ್ಗು ಹೋಗದು. ತಕ್ಕ ತರಬೇತಿಯಿಂದ ಎಷ್ಟೋ ಮಕ್ಕಳಿಗೆ ಅನುಕೂಲವಾಗುತ್ತದೆ. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಪರಿಣತರ ಚಿಕಿತ್ಸೆಯುಂಟು.

ಮಾತನಾಡುತ್ತಿದ್ದ ಮಗುವು ಎರಡು ವಾರಗಳಿಗೂ ಮೀರಿ ಮಂಕಾಗಿ, ಮಾತು, ಊಟ, ನಿದ್ರೆಗಳನ್ನು ಬಿಟ್ಟಿದ್ದರೆ ಅದನ್ನು ವಯಸ್ಸಿನ ಗುಣವೆಂದು ಬಿಡಬಾರದು. ಸಾಯುವ ಮಾತನ್ನಾಡಿದರಂತೂ ಒಂದು ದಿನವೂ ಕಾಯದೆ, ಒಂಟಿಯಾಗಿ ಬಿಡದೆ, ವೈದ್ಯರಲ್ಲಿಗೆ ಕರೆತನ್ನಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಉಚಿತ ಸಲಹೆ ದೊರೆಯುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳುತ್ತಾರೆ. ಮಕ್ಕಳ ತಟ್ಟೆಗೆ ಸೊಪ್ಪು, ಬೇಳೆ, ಹಾಲು ಬಡಿಸುವಷ್ಟೇ ಕಾಳಜಿಯಿಂದ ಅವರ ಮಾತಿಗೂ ಕಿವಿಗೊಡಿರಿ.