ಅ ಆ ಇ ಈ ಬದಲು ರ ಗ ಸ ದ

ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಹೋಗುವ ಮಗುವನ್ನು ‘ಈ ವಾರ ಏನು ಹೇಳಿಕೊಟ್ಟರು?’ ಎಂದು ಕೇಳಿದರೆ, ‘ರ, ಗ, ಸ’ ಎನ್ನಬಹುದು. ಅ ಆ ಇ ಈ ಎಲ್ಲಿ ಹೋಯಿತು ಎಂದು ಮನೆಯವರಿಗೆ, ಅದರಲ್ಲೂ ಅಜ್ಜ ಅಜ್ಜಿಯರಿಗೆ, ದಿಗಿಲು. ದಿಗಿಲಿಗೆ ಕಾರಣವಿಲ್ಲ. ಒಂದರಿಂದ ಮೂರನೇ ತರಗತಿಯವರೆಗಿನ ನಲಿಕಲಿ ಪದ್ಧತಿಯಲ್ಲಿ ಅಕ್ಷರ ಕಲಿಕೆ ಶುರುವಾಗುವುದೇ ರ, ಗ, ಸ, ದ, ಅ ಎಂಬ ಐದರಿಂದ.

ಸ್ವರಗಳನ್ನಷ್ಟೇ ಸಾಲಾಗಿ ಕಲಿತ ಮಗುವಿಗೆ ಓದಲು ಪದಗಳೇ ಸಿಗುವುದಿಲ್ಲ. ಅದೇ ಈ ಐದು ಅಕ್ಷರ ಬಂದರೆ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲವನ್ನೂ ಓದಬಹುದು. ಕಾಗುಣಿತ ಬೇಡ, ಒತ್ತಕ್ಷರ ಬೇಡ. ಆಮೇಲಿನ ಗುಂಪು ಜ, ವ, ಮ, ಬ, ನ. ವ ಬರೆಯುವ ಕೈಗೆ ಮ ಕಷ್ಟವಲ್ಲ. ಅದೇ ಆಕಾರದ ಬಲಕ್ಕೆ ಇನ್ನೊಂದು ಗೆರೆಯನ್ನು ಮೇಲಕ್ಕೆ ಎಳೆದರಾಯಿತು. ಇಷ್ಟು ಕಲಿತ ಮಗು ‘ಬಸವನ ಮಗ’ ಎಂದು ತಾನೇ ಓದುತ್ತದೆ. ಓದಿದ್ದು ಅರ್ಥವೂ ಆಗುತ್ತದೆ. ಆರು ವರ್ಷದ ಮಗುವಿಗೆ ಓದಿನ ರುಚಿ ಹತ್ತಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಈ ಪದ್ಧತಿ ಮೊದಲಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಶಾಲೆಗಳಲ್ಲಿ. ಪ್ರೇರಣೆ ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳದ್ದು, ನೆರವು ಯುನಿಸೆಫ್‌ನದು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿಗೆಲ್ಲ ಬಂತು.

ನಲಿಕಲಿ ಕೊಠಡಿಯಲ್ಲಿ ಬೆಂಚುಗಳ ಸಾಲಿಲ್ಲ. ಮೂರೂ ತರಗತಿಯ ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ದುಂಡಗೆ ಕೂರುತ್ತಾರೆ. ಒಂದೊಂದು ಗುಂಪಿಗೆ ‘ತಟ್ಟೆ’ ಎಂದು ಹೆಸರು. ಒಂದು ತಟ್ಟೆಯಲ್ಲಿ ಶಿಕ್ಷಕರೇ ಪಕ್ಕದಲ್ಲಿ ಕೂತು ಕಲಿಸುತ್ತಾರೆ. ಇನ್ನೊಂದರಲ್ಲಿ ಆಗಾಗ ಬಂದು ನೋಡುತ್ತಾರೆ. ಮತ್ತೊಂದರಲ್ಲಿ ಗೆಳೆಯರೇ ಗುರುಗಳು. ಕೊನೆಯದರಲ್ಲಿ ಮಗು ತಾನೇ ಮಾಡಿಕೊಳ್ಳುತ್ತದೆ. ಗೋಡೆಯ ಮೇಲೆ ಕಲಿಕೆಯ ಹಂತಗಳನ್ನು ತೋರಿಸುವ ‘ಕಲಿಕಾ ಏಣಿ’ ಇರುತ್ತದೆ. ಅದರ ಒಂದೊಂದು ಮೆಟ್ಟಿಲಿನಲ್ಲೂ ಹಕ್ಕಿಯೋ ಹೂವೋ ಏನೋ ಒಂದು ಚಿತ್ರ. ತನ್ನ ಮೆಟ್ಟಿಲಿನ ಚಿತ್ರ ನೋಡಿ ಮಗು ಅದೇ ಚಿತ್ರವಿರುವ ಕಲಿಕಾ ಕಾರ್ಡನ್ನು ಹುಡುಕಿ ತೆಗೆದುಕೊಂಡು ಬಂದು ಕೂರುತ್ತದೆ. ಓದಲು ಬಾರದ ಮಗುವೂ ಇಂದಿನ ತನ್ನ ಕೆಲಸ ಯಾವುದೆಂದು ಯಾರನ್ನೂ ಕೇಳಬೇಕಿಲ್ಲ.

ಹಾಗಾಗಿ ಇಡೀ ತರಗತಿಗೆ ‘ಈ ವಾರದ ಪಾಠ’ ಎಂಬುದೊಂದಿಲ್ಲ. ಒಬ್ಬಳು ಗರಗಸ ಓದುವಾಗ ಪಕ್ಕದವನು ಕಡ್ಡಿಗಳನ್ನು ಹತ್ತರ ಕಟ್ಟು ಮಾಡಿ ಎಣಿಸುತ್ತಿರಬಹುದು. ಜ್ವರ ಬಂದು ವಾರಗಟ್ಟಲೆ ತಪ್ಪಿಸಿಕೊಂಡ ಮಗು, ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ಬಂದ ಮಗು, ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ಪಾಠ ಮುಂದೆ ಓಡಿ ಮಗು ಹಿಂದೆ ಉಳಿಯುವ ಸಂಕಟ ಇಲ್ಲಿ ಕಡಿಮೆ. ಬಡವರ ಮಕ್ಕಳಿಗೆ ಇದು ದೊಡ್ಡ ಆಸರೆ.

ಆದರೆ ಇದಕ್ಕೆ ಶಿಕ್ಷಕರ ಶ್ರಮ ಬಹಳ ಬೇಕು. ಯಾವ ಮಗು ಯಾವ ಮೆಟ್ಟಿಲಿನಲ್ಲಿದೆ ಎಂಬುದು ಅವರಿಗೆ ದಿನವೂ ಗೊತ್ತಿರಬೇಕು. ಮಕ್ಕಳು ಹೆಚ್ಚಿದ್ದು ಶಿಕ್ಷಕರು ಒಬ್ಬರೇ ಇದ್ದರೆ, ಕಾರ್ಡುಗಳು ಹರಿದು ಹೋಗಿದ್ದರೆ, ತಟ್ಟೆಗಳು ಸುಮ್ಮನೆ ಕೂರುವ ಜಾಗವಾಗುತ್ತವೆ.

ಮನೆಯಲ್ಲಿ ಸ್ಲೇಟು ಕೊಟ್ಟು ಅ ದಿಂದ ಳ ವರೆಗೆ ತಿದ್ದಿಸುವ ಆತುರ ಬೇಡ. ಉಳಿದ ಅಕ್ಷರಗಳು ಮುಂದಿನ ಮೆಟ್ಟಿಲುಗಳಲ್ಲಿ ಬಂದೇ ಬರುತ್ತವೆ. ಮಗುವಿಗೆ ಬರುವ ಅಕ್ಷರಗಳಿಂದಲೇ ಪದ ಕಟ್ಟಿ ಓದಿಸಿ. ಬಸ್ಸಿನ ಬೋರ್ಡಿನಲ್ಲಿ, ಅಂಗಡಿ ಫಲಕದಲ್ಲಿ ರ ಎಲ್ಲಿದೆ, ಗ ಎಲ್ಲಿದೆ ಎಂದು ಹುಡುಕಿಸಿ. ಶಾಲೆಗೆ ಹೋದಾಗ ‘ಎಷ್ಟು ಪಾಠ ಆಯ್ತು ಮೇಡಂ?’ ಎನ್ನುವ ಬದಲು ‘ನಮ್ಮ ಮಗು ಯಾವ ಮೆಟ್ಟಿಲಿನಲ್ಲಿದೆ, ಎಲ್ಲಿ ತಡವರಿಸುತ್ತಿದೆ?’ ಎಂದು ಕೇಳಿ. ಮಕ್ಕಳ ಕಲಿಕೆಯನ್ನು ದಾಖಲಿಸುವ ‘ಪ್ರಗತಿ ನೋಟ’ದಲ್ಲಿ ಅವರು ತೋರಿಸುತ್ತಾರೆ.